ಗಾಡಿ ಎಲ್ಲಿ ಐತಿ?

ಹೋದ ಮಳೆಗಾಲದಲ್ಲಿ ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಮಧ್ಯಾಹ್ನ ಒಂದಕ್ಕೆ ಡಾಕ್ಟರ್ ಭೇಟಿ, ಆರು ವಾರ ಕಾದು ಸಿಕ್ಕಿದ್ದು. ಹತ್ತೂವರೆಯ ವಿಮಾನ. ನಮ್ಮ ಮಚ್ಛೆ ಇರುವುದು ಖಾನಾಪುರ ರಸ್ತೆಯಲ್ಲಿ, ವಿಮಾನ ನಿಲ್ದಾಣ ಬೆಳಗಾವಿಯ ಆಚೆ ತುದಿಯ ಸಾಂಬ್ರಾದಲ್ಲಿ. ಇಡೀ ಊರು ದಾಟಿ ಹೋಗಿ ಕೂತೆವು. ಬೋರ್ಡಿನಲ್ಲಿ 'ಸರಿಯಾದ ಸಮಯಕ್ಕೆ' ಅಂತಲೇ ಇತ್ತು.

ಆಗ ನೆನಪಾದದ್ದು ನಮ್ಮ ಕಾಕಾನ ಮಾತು. ಅವರು ರೈಲ್ವೆಯಲ್ಲಿದ್ದವರು. "ಗಾಡಿ ಎಷ್ಟಕ್ಕ ಬಿಡತೈತಿ ಅಂತ ಏನ್ ಕೇಳ್ತಿ ತಮ್ಮಾ? ಗಾಡಿ ಈಗ ಎಲ್ಲಿ ಐತಿ, ಅದನ್ನ ಕೇಳು" ಅನ್ನುತ್ತಿದ್ದರು.

ನಮ್ಮ ದೇಸೂರು ಸ್ಟೇಷನ್ ಇರುವ ಈ ಮಾರ್ಗ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಆಗ ಒಂಟಿ ಹಳಿಯಾಗಿತ್ತು. ಇಂಥ ಮಾರ್ಗದಲ್ಲಿ ಮುಂದಿನ ಸ್ಟೇಷನ್ನಿನವರು 'ಲೈನ್ ಕ್ಲಿಯರ್' ಕೊಡದೆ ಗಾಡಿ ಬಿಡುವ ಹಾಗಿಲ್ಲ. ಆಗ ನೀಲ್ಸ್ ಯಂತ್ರದಿಂದ ಕಬ್ಬಿಣದ ಗುಂಡು ಹೊರಬರಬೇಕಿತ್ತು, ಅದು ಡ್ರೈವರ್ ಕೈ ಸೇರಬೇಕಿತ್ತು. ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತು ಅಂದರೆ ಇಲ್ಲಿ ತೂಗುಹಾಕಿದ ಹಳಿ ತುಂಡು ಬಾರಿಸುತ್ತಿದ್ದರು. ಊರಿನವರು ಚೀಲ ಎತ್ತಿಕೊಂಡು ಹೊರಡುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಆ ಸದ್ದು ಕೇಳಿ!

ಗಾಡಿಗಿಂತ ಮುಂಚೆ ಅದರ ಸುದ್ದಿ ಬರುವುದು ಆಗ ದೊಡ್ಡ ವಿಷಯ. 1845ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಕೊಲೆಗಾರ ಸ್ಲೌ ಎಂಬಲ್ಲಿ ಲಂಡನ್ ರೈಲು ಹತ್ತಿದ. ತಂತಿ ಸಂದೇಶ ಅವನಿಗಿಂತ ಮೊದಲೇ ತಲುಪಿತ್ತು. ಇಳಿದಾಗ ಪೊಲೀಸರು ಹಿಂದೆಯೇ ಇದ್ದರು.

ವಿಮಾನದ ಕತೆ ಶುರುವಾಗುವುದು ಯುದ್ಧದಿಂದ. ಸಾಂಬ್ರಾ ನಿಲ್ದಾಣವನ್ನು 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿತು. ಅದೇ ಯುದ್ಧದಲ್ಲಿ ರೇಡಾರಿನಲ್ಲಿ ಕಂಡ ಚುಕ್ಕೆ ನಮ್ಮದೋ ಶತ್ರುವಿನದೋ ತಿಳಿಯಲು, ಪ್ರಶ್ನೆಗೆ ಉತ್ತರ ಕೊಡುವ ಪೆಟ್ಟಿಗೆಯನ್ನು ವಿಮಾನದೊಳಗೆ ಇಟ್ಟರು. ಇಂದಿನ ಟ್ರಾನ್ಸ್‌ಪಾಂಡರ್ ಅದರ ಮೊಮ್ಮಗ. ಅದರ ಮುಂದಿನ ರೂಪ ಎಡಿಎಸ್-ಬಿ. ಇದರಲ್ಲಿ ಯಾರೂ ಕೇಳಬೇಕಾಗಿಲ್ಲ, ವಿಮಾನವೇ ತಾನು ಎಲ್ಲಿದ್ದೇನೆ ಅಂತ 1090 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಾ ಹೋಗುತ್ತದೆ. 2006ರಲ್ಲಿ ಸ್ವೀಡನ್ನಿನ ಇಬ್ಬರು ಹವ್ಯಾಸಕ್ಕೆ ಇದನ್ನು ನಕ್ಷೆಯ ಮೇಲೆ ಹಾಕಿದರು, ಅದೇ ಈಗಿನ ಫ್ಲೈಟ್‌ರೇಡಾರ್24. 2009ರಿಂದ ಯಾರು ಬೇಕಾದರೂ ತಮ್ಮ ಮಾಳಿಗೆ ಮೇಲೆ ರಿಸೀವರ್ ಇಟ್ಟು ಮಾಹಿತಿ ಕಳಿಸಬಹುದಾಯಿತು. ಹಳಿ ತುಂಡಿನ ಸದ್ದು ಈಗ ಎಲ್ಲರ ಕಿವಿಗೂ :)

ಅಮೆರಿಕದಲ್ಲಿ 2003ರಿಂದ ವಿಳಂಬದ ಕಾರಣ ಬರೆದಿಡುತ್ತಾರೆ. ಅದರಲ್ಲಿ 'ವಿಮಾನವೇ ತಡವಾಗಿ ಬಂತು' ಅನ್ನುವುದಕ್ಕೆ ಒಂದು ಪ್ರತ್ಯೇಕ ಖಾನೆಯೇ ಇದೆ. ಬೆಳಿಗ್ಗೆಯ ತಡ ಸಂಜೆಯವರೆಗೂ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಸರಿ, ಸಾಂಬ್ರಾದಲ್ಲಿ ಕೂತು ಮೊಬೈಲ್ ತೆಗೆದೆ. ನಮ್ಮನ್ನು ಒಯ್ಯಬೇಕಾದ ವಿಮಾನ ಒಂಬತ್ತಕ್ಕೆ ಬೆಂಗಳೂರು ಬಿಡಬೇಕಿತ್ತು. 9.40 ಆದರೂ ನೆಲದ ಮೇಲೇ ಇದೆ! ಈಗಲೇ ಹಾರಿದರೂ ಬರಲು ಒಂದು ಗಂಟೆ, ಜನ ಇಳಿದು ಹತ್ತಲು ಅರ್ಧ ಗಂಟೆ. ಹನ್ನೊಂದಕ್ಕೆ ಮೊದಲು ಹೊರಡುವುದು ಸಾಧ್ಯವೇ ಇಲ್ಲ. ಬೋರ್ಡ್ ಮಾತ್ರ ಹಾಗೇ ಇತ್ತು. ಬೆಂಗಳೂರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ಕೇಳಿಕೊಂಡು, ಅವತ್ತಿನ ಕೊನೆಯ ಭೇಟಿಯನ್ನು, ನಾಲ್ಕು ಗಂಟೆಯದನ್ನು, ಅವ್ವನ ಹೆಸರಿಗೆ ಬರೆಸಿದಳು. ಬೋರ್ಡ್ ಬದಲಾದದ್ದು ಹತ್ತೂಕಾಲಿಗೆ. ನಾವು ಹಾರಿದ್ದು 11.40ಕ್ಕೆ. ಅಷ್ಟು ಹೊತ್ತಿಗೆ ಕೇಳಿದ್ದರೆ ಆ ಜಾಗ ಸಿಗುತ್ತಿತ್ತೋ ಇಲ್ಲವೋ... ಮತ್ತೆ ಆರು ವಾರ ಆಗುತ್ತಿತ್ತೇನೋ.

ಒಂದು ಎಚ್ಚರಿಕೆ. ಇದನ್ನು ನಂಬಿ ಮನೆಯಿಂದ ತಡವಾಗಿ ಹೊರಡಬೇಡಿ. ಬೇರೆ ವಿಮಾನ ಹಾಕಬಹುದು, ಕೌಂಟರ್ ಮೊದಲಿನ ವೇಳೆಗೇ ಮುಚ್ಚಬಹುದು. ನಕ್ಷೆ ಹೇಳುವುದು ವಿಮಾನ ಎಲ್ಲಿದೆ ಅಂತ ಮಾತ್ರ, ಉಳಿದ ಲೆಕ್ಕ ನಮ್ಮದು.

ಅವ್ವನಿಗೆ ಫೋನಿನಲ್ಲಿ ಆ ಪುಟ್ಟ ಹಳದಿ ವಿಮಾನ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ನಿಮ್ಮ ಕಾಕಾ ಇದ್ದಿದ್ರ ಇದನ್ನ ಬಿಟ್ಟು ಏಳ್ತಿರಲಿಲ್ಲ ನೋಡು" ಅಂದಳು.

ನಿಮ್ಮೂರಿನ ಸ್ಟೇಷನ್ನಿನಲ್ಲೂ ಹಳಿ ತುಂಡು ಬಾರಿಸುತ್ತಿದ್ದರೇ? ನೆನಪಿದ್ದರೆ ಬರೆಯಿರಿ.