ಉಣಿಸಿ ನೋಡುವ ವಿದ್ಯೆ: ಬೆರಿ ಹಣ್ಣುಗಳ ಅಲರ್ಜಿ ಅಧ್ಯಯನ ನಡೆದುಬಂದ ದಾರಿ

ಈಚಿನ ಕೆಲವು ವರ್ಷಗಳಿಂದ ನಮ್ಮ ನಗರಗಳಲ್ಲಿ ಒಂದು ಹೊಸ ಬಗೆಯ ಕಾಗದ ಪ್ರಚಾರಕ್ಕೆ ಬಂದಿದೆ. ಆಹಾರಪದಾರ್ಥಗಳ ಹೆಸರುಗಳನ್ನು ಸಾಲುಗಟ್ಟಿ ಮುದ್ರಿಸಿ, ಒಂದೊಂದರ ಮುಂದೆಯೂ ಹಸುರು, ಹಳದಿ, ಕೆಂಪು ಬಣ್ಣಗಳ ಗುರುತಿಟ್ಟು, ರಕ್ತಪರೀಕ್ಷೆಯ ವರದಿಯೆಂಬ ಗಾಂಭೀರ್ಯದೊಡನೆ ಕೊಡಲಾಗುವ ಈ ಕಾಗದವನ್ನು ಹಿಡಿದು ಚಿಕಿತ್ಸಾಲಯಕ್ಕೆ ಬರುವ ತಾಯಿತಂದೆಯರಲ್ಲಿ ಎಷ್ಟೋ ಮಂದಿ, ತಮ್ಮ ಮಗು ಹುಟ್ಟಿದಂದಿನಿಂದ ಒಮ್ಮೆಯೂ ಬಾಯಿಗಿಡದ ಬ್ಲೂಬೆರಿಯನ್ನು ಇನ್ನು ಮುಂದೆ ವರ್ಜಿಸಬೇಕೇ ಎಂದು ಆತಂಕದಿಂದ ಕೇಳುತ್ತಾರೆ. ಇಂಥ ವರದಿಗಳಲ್ಲಿ ಹಲವು ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ಅದು ಆಹಾರದೊಡನೆ ದೇಹಕ್ಕಿರುವ ಪರಿಚಯದ ಕುರುಹೇ ಹೊರತು ರೋಗದ ಕುರುಹಲ್ಲವೆಂದೂ, ರೋಗನಿದಾನಕ್ಕೆ ಅದು ಸಲ್ಲದೆಂದೂ ಯೂರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿಯೇ ಸ್ಪಷ್ಟವಾಗಿ ಹೇಳಿತ್ತು. ಕಾಗದದ ಮಾತನ್ನು ದೇಹದ ಮಾತಿಗಿಂತ ಹೆಚ್ಚಾಗಿ ನಂಬುವ ಈ ಪ್ರವೃತ್ತಿ ಬಲಿಯುತ್ತಿರುವ ಹೊತ್ತಿನಲ್ಲಿ, ಬೆರಿ ಹಣ್ಣುಗಳ ಅಲರ್ಜಿಯನ್ನು ಕುರಿತ ತಿಳಿವಳಿಕೆ ಯಾವ ಹಾದಿಯಲ್ಲಿ ಬೆಳೆದು ಬಂತೆಂಬುದನ್ನು ಒಮ್ಮೆ ತಿರುಗಿ ನೋಡುವುದು ಅನುಚಿತವಾಗಲಾರದು.

ಸ್ಟ್ರಾಬೆರಿ ಅಲರ್ಜಿಯ ಚರಿತ್ರೆಯನ್ನು ಇಂಗ್ಲೆಂಡಿನ ಮೂರನೆಯ ರಿಚರ್ಡನಿಂದ ಆರಂಭಿಸುವುದು ಲೇಖಕರ ರೂಢಿ. 1483ರ ಜೂನ್ ತಿಂಗಳಲ್ಲಿ ಅವನು ಈಲಿಯ ಬಿಷಪ್ಪರ ತೋಟದಿಂದ ಸ್ಟ್ರಾಬೆರಿ ತರಿಸಿ ತಿಂದು, ಮೈಮೇಲೆ ಎದ್ದ ಗಂಧೆಗಳನ್ನು ಸಭೆಗೆ ತೋರಿಸಿ, ಇದು ಮಾಟವೆಂದು ಹೇಸ್ಟಿಂಗ್ಸ್ ಪ್ರಭುವಿನ ತಲೆ ತೆಗೆಸಿದನೆಂಬ ಕಥೆ ಕೇಳಲು ಬಹು ರಂಜಕವಾಗಿದೆ. ಆದರೆ ಈ ಪ್ರಸಂಗವನ್ನು ಬರೆದಿಟ್ಟ ಥಾಮಸ್ ಮೋರನು ಹೇಳುವುದು ರಿಚರ್ಡನು ಹಣ್ಣನ್ನು ಬೇಡಿದನೆಂದು, ಆಮೇಲೆ ಸಭೆಗೆ ಮರಳಿ ತನ್ನ ಬತ್ತಿಹೋದ ತೋಳನ್ನು ತೋರಿಸಿದನೆಂದು. ಗಂಧೆಯ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಅದನ್ನು ಸೇರಿಸಿದವರು ನಮ್ಮ ಕಾಲದ ವೈದ್ಯರು. ರೋಗಿಯನ್ನು ನೋಡದೆ ರೋಗವನ್ನು ಹೇಳುವ ಚಪಲ ಈ ಶಾಸ್ತ್ರಕ್ಕೆ ಹೊಸದೇನಲ್ಲ.

ನಿಜವಾದ ಆರಂಭ ಇಪ್ಪತ್ತನೆಯ ಶತಮಾನದ್ದು. 1902ರಲ್ಲಿ ರಿಶೆ ಮತ್ತು ಪೋರ್ಟಿಯೆ ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ಎರವಾಗಬಲ್ಲ ಅನಾಫಿಲಾಕ್ಸಿಸ್ ಎಂಬ ಪ್ರತಿಕ್ರಿಯೆಯನ್ನು ಕಂಡುಹಿಡಿದುದು, 1906ರಲ್ಲಿ ವಿಯೆನ್ನಾದ ಪಿರ್ಕೆ ಅಲರ್ಜಿಗೆ ಹೆಸರಿಟ್ಟುದು, 1921ರಲ್ಲಿ ಪ್ರಾಸ್ನಿಟ್ಸ್ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು ಮೀನಿನ ಅಲರ್ಜಿಯನ್ನು ಎರವಲು ಪಡೆದುದು, 1960ರ ದಶಕದ ಉತ್ತರಾರ್ಧದಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ಕರೂ ಬೇರೆಬೇರೆಯಾಗಿ ಅಲರ್ಜಿಗೆ ಕಾರಣವಾದ ಐಜಿಇ ಪ್ರತಿಕಾಯವನ್ನು ಗುರುತಿಸಿದುದು, ಇವೆಲ್ಲ ಪಠ್ಯಪುಸ್ತಕಗಳಲ್ಲಿ ಇರುವ ಸಂಗತಿಗಳೇ ಆದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹಣ್ಣುಗಳ ಮಟ್ಟಿಗೆ ಹೇಳುವುದಾದರೆ, 1942ರಲ್ಲಿ ಅಮೆರಿಕದ ಟಫ್ಟ್ ಮತ್ತು ಬ್ಲುಮ್‌ಸ್ಟೀನ್ ತಾಜಾ ಹಣ್ಣಿನ ಅಲರ್ಜಿಯನ್ನು ಪ್ರತ್ಯೇಕವಾಗಿ ಅಭ್ಯಸಿಸಿ ಬರೆದರು. ಅದನ್ನು ಆಗ ಗಮನಿಸಿದವರು ಕಡಮೆ.

ಈ ಶಾಸ್ತ್ರ ತನ್ನ ಕಾಲಮೇಲೆ ತಾನು ನಿಂತುದು ಡೆನ್ವರಿನಲ್ಲಿ. 1976ರಲ್ಲಿ ಚಾರ್ಲ್ಸ್ ಮೇ ಎಂಬ ಮಕ್ಕಳ ವೈದ್ಯನು, ಯಾವ ಆಹಾರ ಒಗ್ಗುವುದಿಲ್ಲವೆಂದು ಮನೆಯವರು ಹೇಳುತ್ತಾರೆಯೋ ಅದನ್ನೇ ಬೇರೊಂದು ತಿನಿಸಿನಲ್ಲಿ ಮರೆಮಾಚಿ, ತಿನ್ನುವ ಮಗುವಿಗಾಗಲಿ ನೋಡುವ ವೈದ್ಯನಿಗಾಗಲಿ ಇಂದು ಉಣಿಸಿದುದು ನಿಜವಾದುದೋ ಹುಸಿಯೋ ಎಂಬುದು ತಿಳಿಯದಂತೆ ಏರ್ಪಡಿಸಿ, ಅಳತೆಯನ್ನು ಹಂತಹಂತವಾಗಿ ಏರಿಸುತ್ತ ಪರೀಕ್ಷಿಸುವ ವಿಧಾನವನ್ನು ಆಹಾರದ ಅಲರ್ಜಿಗೆ ತಂದನು. ಇದರ ಹಿಂದಿನ ವಿಚಾರ ಸರಳವಾದುದು: ಚರ್ಮ ಹೇಳುವುದು ಬೇರೆ, ರಕ್ತ ಹೇಳುವುದು ಬೇರೆ, ತಿಂದಾಗ ಆಗುವುದು ಬೇರೆ, ಮೂರರಲ್ಲಿ ಕೊನೆಯದೇ ಪ್ರಮಾಣ. ಮೇ ಅವರ ಶಿಷ್ಯಪರಂಪರೆಯ ಅಲನ್ ಬಾಕ್ 1987ರಲ್ಲಿ ಪ್ರಕಟಿಸಿದ ಅಧ್ಯಯನ, ನನ್ನ ತಲೆಮಾರಿನವರು ಈ ಕ್ಷೇತ್ರಕ್ಕೆ ಕಾಲಿಟ್ಟಾಗ ನಮಗೆ ದಾರಿ ತೋರಿದ ಬರಹ. ಹುಟ್ಟಿದಂದಿನಿಂದ ಮೂರು ವರ್ಷದವರೆಗೆ 480 ಮಕ್ಕಳನ್ನು ಅನುಸರಿಸಿ ನೋಡಿದಾಗ, ಯಾವುದಾದರೊಂದು ಆಹಾರ ಒಗ್ಗಲಿಲ್ಲವೆಂಬ ದೂರು ಕೇಳಿಬಂದುದು ಶೇಕಡ 28 ಮಕ್ಕಳ ವಿಷಯದಲ್ಲಿ. ಉಣಿಸಿ ನೋಡಿದಾಗ ನಿಂತುದು ಶೇಕಡ 8 ಮಾತ್ರ. ಹಣ್ಣು ಮತ್ತು ಹಣ್ಣಿನ ರಸ ಆ ದೂರುಗಳಲ್ಲಿ ದೊಡ್ಡ ಪಾಲು ಪಡೆದಿದ್ದವು. ಅವುಗಳ ಬಹುಭಾಗ ಬಾಯಿಯ ಸುತ್ತ ಏಳುವ, ತಾನಾಗಿಯೇ ಅಡಗುವ ಕೆಂಪು. ತಾಯಂದಿರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಅವರು ಕಂಡದ್ದು ನಿಜವೇ, ಅದಕ್ಕೆ ಹಚ್ಚಿದ ಕಾರಣ ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ.

ಹಾಗಾದರೆ ಎಳೆಮಗುವಿನ ಕೆನ್ನೆ ಸ್ಟ್ರಾಬೆರಿ ತಿಂದೊಡನೆ ಕೆಂಪೇರುವುದೇಕೆ? ಹುಳಿರಸ ತೆಳುವಾದ ಚರ್ಮವನ್ನು ಕೆರಳಿಸುವುದು ಒಂದು ಕಾರಣ. ಇನ್ನೊಂದು, ಪೋಲೆಂಡಿನ ನರರೋಗತಜ್ಞೆ ಲೂಸಿಯಾ ಫ್ರೈ 1923ರಲ್ಲಿ ವಿವರಿಸಿದ ನರವಿಕಾರ: ಜೊಲ್ಲು ಸುರಿಸಬೇಕಾದ ನರದ ಎಳೆ ಚರ್ಮದ ರಕ್ತನಾಳಗಳಿಗೆ ಅಡ್ಡದಾರಿಯಲ್ಲಿ ಸೇರಿಕೊಂಡಿರುವುದರಿಂದ, ಹುಳಿ ನಾಲಗೆಗೆ ತಾಗಿದ ಕೂಡಲೆ ಒಂದೇ ಕೆನ್ನೆಯ ಮೇಲೆ ಪಟ್ಟಿಯಂತೆ ಕೆಂಪು ಹರಡಿ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತದೆ. ತುರಿಕೆಯಿಲ್ಲ, ಊತವಿಲ್ಲ, ಚಿಕಿತ್ಸೆಯೂ ಬೇಕಿಲ್ಲ. ಹೀಗಿದ್ದೂ ಇದನ್ನು ಅಲರ್ಜಿಯೆಂದು ಭ್ರಮಿಸಿ ಮಗುವಿಗೆ ಹಣ್ಣನ್ನೆಲ್ಲ ನಿಲ್ಲಿಸಿರುವ ಮನೆಗಳನ್ನು ನಾನು ಬಲ್ಲೆ. ಸ್ಟ್ರಾಬೆರಿಯು ಪ್ರತಿಕಾಯಗಳ ಹಂಗಿಲ್ಲದೆ ತಾನೇ ನೇರವಾಗಿ, ತುರಿಕೆ ಊತಗಳನ್ನೆಬ್ಬಿಸುವ ಹಿಸ್ಟಮಿನನ್ನು ಬಿಡಿಸುತ್ತದೆಂಬ ಹಳೆಯ ಸಿದ್ಧಾಂತವೂ ಒಂದುಂಟು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುತ್ತ ಬಂದಿರುವ ಈ ಮಾತಿಗೆ ಮನುಷ್ಯರ ಮೇಲಿನ ಪರೀಕ್ಷೆಯ ಆಧಾರ ಬಹು ದುರ್ಬಲ. 1970ರ ದಶಕದಲ್ಲಿ ಅಮೆರಿಕದ ಫೈನ್‌ಗೋಲ್ಡ್ ಹಬ್ಬಿಸಿದ ವಾದವಂತೂ, ಬೆರಿಗಳಲ್ಲಿರುವ ಸ್ಯಾಲಿಸಿಲೇಟುಗಳೂ ಮಕ್ಕಳ ಅತಿಚಟುವಟಿಕೆಗೆ ಮೂಲವೆಂದು ಸಾರಿ, ಎಷ್ಟೋ ಮಕ್ಕಳ ತಟ್ಟೆಯಿಂದ ಒಳ್ಳೆಯ ಹಣ್ಣುಗಳನ್ನು ಕಸಿದುಕೊಂಡಿತು.

ಇಷ್ಟು ಹೇಳಿದುದರಿಂದ ಬೆರಿಯ ಅಲರ್ಜಿಯೇ ಮಿಥ್ಯೆಯೆಂದು ಯಾರೂ ತಿಳಿಯಬಾರದು. ಅದು ನಿಜವೆಂಬುದನ್ನೂ, ಅದರ ಬೇರು ಹಣ್ಣಿನಲ್ಲಿರದೆ ಮರದ ಹೂವಿನಲ್ಲಿರಬಹುದೆಂಬುದನ್ನೂ ತೋರಿಸಿಕೊಟ್ಟವರು ಉತ್ತರ ಮತ್ತು ಮಧ್ಯ ಯೂರೋಪಿನವರು. 1977ರಲ್ಲಿ ಫಿನ್ಲೆಂಡಿನ ಹನ್ನುಕ್ಸೆಲಾ ಮತ್ತು ಲಹ್ತಿ, ವಸಂತದಲ್ಲಿ ಬರ್ಚ್ ಮರದ ಪರಾಗಕ್ಕೆ ಸೀನುವವರೇ ಸೇಬು ಮೊದಲಾದ ಹಸಿ ಹಣ್ಣು ತರಕಾರಿಗಳಿಗೂ ಬಾಯಿ ತುರಿಸಿಕೊಳ್ಳುವುದನ್ನು ಗುರುತಿಸಿದರು. 1989ರಲ್ಲಿ ವಿಯೆನ್ನಾದ ಬ್ರೈಟೆನೆಡರ್ ಮತ್ತು ಸಂಗಡಿಗರು ಆ ಪರಾಗದ ಮುಖ್ಯ ಅಲರ್ಜನಕವಾದ ಬೆಟ್ ವಿ 1 ಪ್ರೋಟೀನಿನ ಜೀನನ್ನು ಬೇರ್ಪಡಿಸಿದ ಮೇಲೆ, ಗುಲಾಬಿಯ ಕುಟುಂಬಕ್ಕೆ ಸೇರಿದ ಸೇಬು, ಚೆರ್ರಿ, ಸ್ಟ್ರಾಬೆರಿ, ರಾಸ್ಪ್‌ಬೆರಿಗಳಲ್ಲೆಲ್ಲ ಅದರ ದಾಯಾದಿಗಳು ಒಂದೊಂದಾಗಿ ಪತ್ತೆಯಾದುವು. ಪರಾಗಕ್ಕೆಂದು ಹುಟ್ಟಿದ ಪ್ರತಿಕಾಯ ಹಣ್ಣಿನ ಪ್ರೋಟೀನನ್ನೂ ಅದೇ ಎಂದು ಭ್ರಮಿಸಿ ಹಿಡಿಯುತ್ತದೆ. ತುಟಿ, ನಾಲಗೆ, ಗಂಟಲು ತುರಿಸುತ್ತವೆ. ಈ ಪ್ರೋಟೀನು ಕಾವಿಗೂ ಜಠರರಸಕ್ಕೂ ಬೇಗ ಸೋಲುವುದರಿಂದ, ಹಸಿ ಹಣ್ಣನ್ನು ಸಹಿಸದವರು ಅದರ ಜಾಮನ್ನು ನಿರಾತಂಕವಾಗಿ ತಿನ್ನುವುದುಂಟು. ಪರಾಗದ ಪರಿಚಯವಾಗಲು ಕೆಲವು ವಸಂತಗಳು ಕಳೆಯಬೇಕಾದ್ದರಿಂದ ಈ ಬಗೆಯ ಅಲರ್ಜಿ ದೊಡ್ಡ ಮಕ್ಕಳಲ್ಲಿಯೂ ವಯಸ್ಕರಲ್ಲಿಯೂ ಹೆಚ್ಚು, ಕೂಸುಗಳಲ್ಲಿ ಅಪೂರ್ವ.

ಸ್ಟ್ರಾಬೆರಿಯ ಅಲರ್ಜನಕವನ್ನು ಕುರಿತ ಸ್ವೀಡನ್ನಿನ ಕೆಲಸ ಈ ಕ್ಷೇತ್ರದ ಅತ್ಯಂತ ಸುಂದರ ಅಧ್ಯಾಯವೆಂದು ನನ್ನ ಅಭಿಪ್ರಾಯ. 2004ರಲ್ಲಿ ಅಲ್ಲಿನ ಸಂಶೋಧಕರು ಫ್ರಾ ಎ 1 ಎಂಬ ಬೆಟ್ ವಿ 1ರ ಬಂಧುವನ್ನು ಸ್ಟ್ರಾಬೆರಿಯಲ್ಲಿ ಕಂಡರು. ಅಲರ್ಜಿಯುಳ್ಳವರೂ ತಿಂದು ಅರಗಿಸಿಕೊಳ್ಳುತ್ತಾರೆಂದು ಮೊದಲೇ ತಿಳಿದಿದ್ದ ಬಿಳಿಯ ಸ್ಟ್ರಾಬೆರಿ ತಳಿಯೊಂದನ್ನು 2006ರಲ್ಲಿ ಪರೀಕ್ಷಿಸಿದಾಗ, ಅದರಲ್ಲಿ ಈ ಪ್ರೋಟೀನು ಇಲ್ಲವೆನ್ನುವಷ್ಟು ಕಡಮೆಯಾಗಿತ್ತು. 2010ರ ವೇಳೆಗೆ ಹಣ್ಣಿಗೆ ಬಣ್ಣ ತುಂಬುವ ರಾಸಾಯನಿಕ ಕ್ರಿಯೆಯಲ್ಲಿಯೇ ಆ ಪ್ರೋಟೀನು ಭಾಗಿಯೆಂಬುದು ಸಿದ್ಧವಾಯಿತು. ತಿಂದವರ ಅನುಭವವೇ ಮುಂದೆ ನಡೆದು, ಪ್ರಯೋಗಶಾಲೆ ಅದರ ಹಿಂದೆ ಬಂದ ಉದಾಹರಣೆಯಿದು. ಅಣುವಿನಿಂದ ಹೊರಟು ರೋಗಿಯನ್ನು ಹುಡುಕುವ ಈಚಿನ ಪಂಡಿತರು ಇದನ್ನು ಮರೆತಂತೆ ತೋರುತ್ತದೆ.

ದಕ್ಷಿಣ ಯೂರೋಪಿನ ಕಥೆ ಬೇರೆ. ಬರ್ಚ್ ಬೆಳೆಯದ ಸ್ಪೇನ್, ಇಟಲಿಗಳ ಕರಾವಳಿಯಲ್ಲಿ ಹಣ್ಣಿನ ಅಲರ್ಜಿ ಬಾಯಿಯಲ್ಲಿ ನಿಲ್ಲದೆ ಮೈಯೆಲ್ಲ ಹಬ್ಬುವುದನ್ನು ಅಲ್ಲಿನ ವೈದ್ಯರು ಕಂಡಿದ್ದರು. ಅದರ ಕಾರಣ ಎಲ್‌ಟಿಪಿ ಎಂಬ, ಕುದಿಸಿದರೂ ಕೆಡದ, ಜಠರರಸಕ್ಕೂ ಬಗ್ಗದ, ಹೆಚ್ಚಾಗಿ ಹಣ್ಣಿನ ಸಿಪ್ಪೆಯಲ್ಲಿ ನೆಲಸಿರುವ ಗಟ್ಟಿ ಪ್ರೋಟೀನು. ಪೀಚ್ ಹಣ್ಣಿನಲ್ಲಿ ಮೊದಲು ಪ್ರಸಿದ್ಧವಾದ ಇದು ದ್ರಾಕ್ಷಿ, ಬ್ಲೂಬೆರಿ, ರಾಸ್ಪ್‌ಬೆರಿ, ಹಿಪ್ಪುನೇರಳೆಗಳಲ್ಲಿಯೂ ದೊರೆತಿದೆ. ಸ್ಟ್ರಾಬೆರಿಯಲ್ಲಿಯೂ ಇದೆ, ಆದರೆ ಪೀಚಿನದಕ್ಕಿಂತ ಮೃದು. ಆಸ್ಟ್ರಿಯಾ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ಸೌಮ್ಯವಾಗಿರುವ ಸೇಬಿನ ಅಲರ್ಜಿ ಸ್ಪೇನಿನಲ್ಲಿ ಉಗ್ರವಾಗಿರುವುದಕ್ಕೆ ಪ್ರೋಟೀನಿನ ಈ ಭೇದವೇ ಮೂಲವೆಂದು 2006ರ ಒಂದು ಸಂಯುಕ್ತ ಅಧ್ಯಯನ ತೋರಿಸಿತು. ಒಂದೇ ಹಣ್ಣು, ಎರಡು ಊರು, ಎರಡು ರೋಗ. ವಯಸ್ಸಿನ ಭೇದವನ್ನು ಎತ್ತಿ ತೋರಿಸಿದುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರಿಯೇ ಆದ ಕಿವಿ ಹಣ್ಣು: ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯರು 2004ರಲ್ಲಿ ಪ್ರಕಟಿಸಿದಂತೆ, ವಯಸ್ಕರಿಗಿಂತ ಚಿಕ್ಕ ಮಕ್ಕಳು ಅದನ್ನು ಮೊದಲ ಬಾರಿ ತಿಂದಾಗಲೇ ತೊಂದರೆಗೊಳಗಾಗುವುದೂ, ಅದು ತೀವ್ರವಾಗಿರುವುದೂ ಹೆಚ್ಚು. ಹಣ್ಣಿನ ಅಲರ್ಜಿಯೆಂದರೆ ಬಾಯಿತುರಿಕೆಯಷ್ಟೇ ಎಂದು ಕೈಬೀಸಿ ಹೇಳುವವರು ಇದನ್ನು ಓದಬೇಕು.

ಇನ್ನು ನಮ್ಮ ನಾಡಿನ ಮಾತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವೈ. ಪಿ. ವೆಂಕಟೇಶ್ ಮತ್ತು ಅವರ ಶಿಷ್ಯರು, ಅದೇ ಊರಿನ ವೈದ್ಯ ಪಿ. ಎ. ಮಹೇಶರ ಜೊತೆಗೂಡಿ ಮಾಡಿದ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ದಾಳಿಂಬೆ ತಿಂದು ಅನಾಫಿಲಾಕ್ಸಿಸಿಗೆ ತುತ್ತಾದ ರೋಗಿಯಲ್ಲಿ ಅಪರಾಧಿ ಪ್ರೋಟೀನಲ್ಲ, ಮ್ಯಾನಿಟಾಲ್ ಎಂಬ ಸಕ್ಕರೆ ಆಲ್ಕೊಹಾಲಿನ ಸಣ್ಣ ಅಣುವೆಂದು ತೋರಿಸಿದವರು ಇವರು. ಬದನೆಕಾಯಿಯ ಅಲರ್ಜಿಯನ್ನು ಜನಸಮುದಾಯದಲ್ಲಿ ಎಣಿಸಿ ನೋಡಿದವರೂ ಇವರೇ. ಯೂರೋಪಿನ ಒಕ್ಕೂಟದ ನೆರವಿನಿಂದ ನಡೆದ ಯೂರೋಪ್ರಿವಾಲ್ ಸಮೀಕ್ಷೆಯ ಭಾರತದ ಶಾಖೆ ಬೆಂಗಳೂರು ಮೈಸೂರುಗಳಲ್ಲಿ ನಡೆದು, 2016ರಲ್ಲಿ ಅದರ ಫಲ ಪ್ರಕಟವಾಯಿತು: ವಯಸ್ಕರಲ್ಲಿ ಶೇಕಡ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಪ್ರತಿಕಾಯವಿತ್ತು. ಆಹಾರದ ಅಲರ್ಜಿ ಇರುವ ಸಂಭವ ಕಂಡದ್ದು ಶೇಕಡ 1.2 ಮಂದಿಯಲ್ಲಿ. ಶಾಲಾಮಕ್ಕಳ ಫಲ ಪ್ರಕಟವಾದುದು ಆಮೇಲೆ: ಅವರಲ್ಲಿ ಅದು ಶೇಕಡ 0.14. ಐಜಿಜಿಯ ಮಾತಂತಿರಲಿ, ಶಾಸ್ತ್ರಸಮ್ಮತವಾದ ಐಜಿಇ ಪರೀಕ್ಷೆಯನ್ನೇ ನೆಚ್ಚಿದರೂ ನಮ್ಮ ಊರುಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ರೋಗಿಯೆಂಬ ಪಟ್ಟ ಕಟ್ಟಬೇಕಾಗುತ್ತದೆ. ಸಸ್ಯಪ್ರೋಟೀನುಗಳ ಮೇಲಿನ ಸಕ್ಕರೆಯ ಸರಪಳಿಗಳು ರೋಗವನ್ನುಂಟುಮಾಡದೆಯೇ ಪ್ರತಿಕಾಯವನ್ನು ಸೆಳೆಯುವುದು ಬಹುಕಾಲದಿಂದ ತಿಳಿದ ಸಂಗತಿ. ಈ ಅಂತರಕ್ಕೆ ಅದೂ ಒಂದು ಕಾರಣವಿದ್ದೀತೆಂದು ನನ್ನ ಊಹೆ.

ಈ ಅಂಕಿಗಳ ಬಳಿಕ ಕೇಳಬೇಕಾದ ಪ್ರಶ್ನೆಗಳು ಇನ್ನೂ ಹಾಗೆಯೇ ಉಳಿದಿವೆ. ಕರ್ನಾಟಕದಲ್ಲಿ ಬರ್ಚ್ ಮರವಿಲ್ಲ. ಇರುವುದು ಕಾಂಗ್ರೆಸ್ ಗಿಡ. ಅದರ ಪರಾಗ ಬೆಂಗಳೂರಿಗರ ಮೂಗನ್ನು ಕಾಡುವುದನ್ನು ಭಾರತೀಯ ವಿಜ್ಞಾನ ಮಂದಿರದ ಪಿ. ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು 1991ರಲ್ಲಿಯೇ ವಿವರಿಸಿದ್ದರು. ಆ ಪರಾಗಕ್ಕೂ ನಾವು ತಿನ್ನುವ ಹಣ್ಣುಗಳಿಗೂ ನಂಟು ಎಷ್ಟೆಂಬುದನ್ನು ಉಣಿಸಿ ನೋಡಿ ತೀರ್ಮಾನಿಸುವ ಕೆಲಸ ಬಾಕಿಯಿದೆ. ಹಿಪ್ಪುನೇರಳೆಯನ್ನು ಇಷ್ಟು ವಿಸ್ತಾರವಾಗಿ ಬೆಳೆಯುವ ನಾಡಿನಲ್ಲಿ ಆ ಹಣ್ಣಿನ ಎಲ್‌ಟಿಪಿಯನ್ನು ಕುರಿತು ಓದಲು ಇಟಲಿಯ ಪತ್ರಿಕಾಲೇಖನವನ್ನು ಹುಡುಕಬೇಕಾಗಿದೆ. ಎಲಚಿ ಹಣ್ಣಿನ ಅಲರ್ಜನಕ ಗುರುತಿಸಲ್ಪಟ್ಟುದು ತೈವಾನಿನಲ್ಲಿ. ನೇರಳೆ, ಕವಳೆ, ಬೆಟ್ಟದ ನೆಲ್ಲಿ ಮೊದಲಾದುವನ್ನು ನಮ್ಮ ಮಕ್ಕಳು ಯಾವ ತೊಂದರೆಯೂ ಇಲ್ಲದೆ ತಿಂದು ಬೆಳೆಯುತ್ತಾರೋ, ತೊಂದರೆಯಾದರೂ ಪಿತ್ತದ ಗಂಧೆಯೆಂದು ಹುಣಿಸೆನೀರು ಹಚ್ಚಿ ಮರೆತುಬಿಡುತ್ತಾರೋ, ಎರಡಕ್ಕೂ ಸಾಕ್ಷ್ಯವನ್ನು ಯಾರೂ ಕೂಡಿಡಲಿಲ್ಲ. ಪೊಟ್ಟಣಗಳ ಮೇಲೆ ಅಲರ್ಜನಕಗಳನ್ನು ಮುದ್ರಿಸಬೇಕೆಂಬ ನಮ್ಮ ಆಹಾರ ಸುರಕ್ಷಾ ನಿಯಮದ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿಗಳಿವೆ. ಹಣ್ಣು ಒಂದೂ ಇಲ್ಲ. ಯೂರೋಪಿನ ಹದಿನಾಲ್ಕರ ಪಟ್ಟಿಯಲ್ಲಿಯೂ ಇಲ್ಲ. ಜಪಾನಾದರೋ ಕಿವಿ, ಪೀಚ್, ಸೇಬುಗಳನ್ನು ಸೂಚಿಸುವುದು ಒಳ್ಳೆಯದೆಂದು ಹೇಳಿದೆ.

ಬಣ್ಣದ ವರದಿಗಳಿಗೆ ಸುರಿಯುವ ಹಣವನ್ನು ನೋಡಿದರೆ, ಉಣಿಸಿ ನೋಡುವ ಪರೀಕ್ಷೆಗೆ ಬೇಕಾದುದು ಬಹು ಸ್ವಲ್ಪ: ಒಂದು ಹಾಸಿಗೆ, ಅರ್ಧ ದಿನ ಪಕ್ಕದಲ್ಲಿ ಕುಳಿತಿರಬಲ್ಲ ವೈದ್ಯನೂ ದಾದಿಯೂ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಏರಿಸಿ ಕೊಡಲು ಅಳೆದಿಟ್ಟ ಹಣ್ಣು, ಅದೂ ಒಣಗಿಸಿದ್ದಲ್ಲ, ತಾಜಾ, ತೊಡೆಯ ಹೊರಮಗ್ಗುಲಿಗೆ ಚುಚ್ಚಲು ಸಿದ್ಧವಾಗಿರುವ ಅಡ್ರಿನಲಿನ್, ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಮಿನ ಲೆಕ್ಕದಲ್ಲಿ. ಇಷ್ಟನ್ನು ಕ್ರಮವಾಗಿ ಏರ್ಪಡಿಸಿಕೊಂಡಿರುವ ಮಕ್ಕಳ ವಿಭಾಗಗಳು ನಮ್ಮಲ್ಲಿ ವಿರಳ. ಇತ್ತ ಮಹಾಬಲೇಶ್ವರದ ಸ್ಟ್ರಾಬೆರಿಯೂ ಹೊರದೇಶದ ಬ್ಲೂಬೆರಿಯೂ ನಮ್ಮ ಪೇಟೆಗಳ ತಳ್ಳುಗಾಡಿಯವರೆಗೆ ಬಂದುಬಿಟ್ಟಿವೆ. ಅವನ್ನು ಮೊದಲ ಬಾರಿಗೆ ತಿನ್ನುವ ವಯಸ್ಸು ವರ್ಷವರ್ಷಕ್ಕೆ ಇಳಿಯುತ್ತಿದೆ.