ವ್ರಣೋಪಚಾರದಲ್ಲಿ ಜೇನು: ಎರಡು ಪ್ರಾಚೀನ ಗ್ರಂಥಗಳ ಸಾಕ್ಷ್ಯ

ಗಾಯಕ್ಕೂ ಹುಣ್ಣಿಗೂ ಜೇನುತುಪ್ಪವನ್ನು ಹಚ್ಚುವ ಪದ್ಧತಿಯು ಬಹು ಪುರಾತನವೆಂಬ ಮಾತು ಪದೇ ಪದೇ ಕೇಳಿಬರುತ್ತದೆ. ಪುರಾತನವೆಂದ ಮಾತ್ರಕ್ಕೆ ಇತಿಹಾಸಕಾರನ ಕೆಲಸ ಮುಗಿಯುವುದಿಲ್ಲ. ಯಾವ ಬಗೆಯ ಗಾಯಕ್ಕೆ, ಯಾವುದರೊಡನೆ ಬೆರಸಿ, ಯಾವಾಗ ಹಚ್ಚಬೇಕೆಂದು ಗ್ರಂಥಗಳು ವಿಧಿಸಿವೆಯೆಂಬುದನ್ನು ನೋಡಿದಲ್ಲದೆ ಆ ಮಾತಿಗೆ ಬೆಲೆ ಬಾರದು. ಈಜಿಪ್ಟಿನ ಒಂದು ಪಪೈರಸ್ ಸುರುಳಿ, ನಮ್ಮ ಸುಶ್ರುತಸಂಹಿತೆ, ಇವೆರಡರ ಸಾಕ್ಷ್ಯವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು 1862ರಲ್ಲಿ ಲಕ್ಸರ್ ನಗರದಲ್ಲಿ ಕೊಂಡ ಸುರುಳಿಯು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬ್ರೆಸ್ಟೆಡ್ ಪಂಡಿತನು ಅದನ್ನು ಅನುವಾದಿಸಿ 1930ರಲ್ಲಿ ಪ್ರಕಟಿಸಿದನು. ಕ್ರಿ. ಪೂ. 1600ರ ಸುಮಾರಿಗೆ ಸೇರಿದ ಈ ಪ್ರತಿಯು ಅದಕ್ಕೂ ಹಳೆಯದಾದ ಮೂಲವೊಂದರ ನಕಲೆಂಬುದು ವಿದ್ವಾಂಸರ ಅಭಿಪ್ರಾಯ. ನೆತ್ತಿಯಿಂದ ತೊಡಗಿ ಕೆಳಗಿಳಿಯುತ್ತ 48 ಪ್ರಸಂಗಗಳನ್ನು ಅದು ವಿವರಿಸುತ್ತದೆ. ಕೊನೆಯದು ಬೆನ್ನೆಲುಬಿನ ಹತ್ತಿರ ವಾಕ್ಯದ ನಡುವೆಯೇ ನಿಂತುಹೋಗಿದೆ. ಮೊದಲನೆಯ ಪ್ರಸಂಗವು ಎಲುಬು ಮುಟ್ಟಿದ ತಲೆಯ ಗಾಯದ್ದು. ಮೊದಲ ದಿನ ಹಸಿಮಾಂಸವನ್ನು ಕಟ್ಟಬೇಕು. ಆಮೇಲೆ ಗುಣವಾಗುವವರೆಗೆ ದಿನವೂ ಕೊಬ್ಬು, ಜೇನು, ನಾರಿನ ಎಳೆ ಇವುಗಳಿಂದ ಉಪಚರಿಸಬೇಕು. ಇದೇ ವಿಧಿ ಮುಂದೆ ಅನೇಕ ಪ್ರಸಂಗಗಳಲ್ಲಿ ಮರಳಿ ಬರುತ್ತದೆ. ಇಲ್ಲಿ ಮಂತ್ರತಂತ್ರಗಳ ಮಾತು ಬಹು ವಿರಳವೆಂಬುದೂ ಗಮನಾರ್ಹ. ಆ ದೇಶದಲ್ಲಿ ಜೇನು ದುರ್ಲಭವಾಗಿರಲಿಲ್ಲ, ಕ್ರಿ. ಪೂ. 2400ರ ಸುಮಾರಿನ ಅಬು ಗುರಾಬದ ಸೂರ್ಯದೇವಾಲಯದ ಉಬ್ಬುಚಿತ್ರಗಳಲ್ಲಿಯೇ ಜೇನು ತೆಗೆಯುವ ಕೆಲಸವನ್ನು ಕಾಣುತ್ತೇವೆ.

ಸುಶ್ರುತಸಂಹಿತೆಯ ಕಾಲನಿರ್ಣಯ ಇದಕ್ಕಿಂತ ತೊಡಕಿನದು. ಹಲವು ಪದರಗಳಾಗಿ ಬೆಳೆದು ಬಂದ ಗ್ರಂಥವಾದುದರಿಂದ ಒಂದೇ ಶತಮಾನವನ್ನು ಹೆಸರಿಸುವುದು ಸರಿಯಲ್ಲ. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯೊಂದಕ್ಕೆ ಕ್ರಿ. ಶ. 878ರ ತೇದಿ ಇದೆ. ಗ್ರಂಥವಂತೂ ಅದಕ್ಕಿಂತ ಬಹಳ ಹಿಂದಿನದು. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವು ವ್ರಣಗಳನ್ನು ದೇಹದೋಷದಿಂದ ಹುಟ್ಟಿದವು, ಹೊರಗಿನ ಆಘಾತದಿಂದ ಆದವು ಎಂದು ಎರಡಾಗಿ ವಿಂಗಡಿಸಿ, ಅವಕ್ಕೆ ಅರುವತ್ತು ಉಪಕ್ರಮಗಳನ್ನು ಹೇಳುತ್ತದೆ. ಹೊರಗಿನಿಂದಾದ ಗಾಯದಲ್ಲಿ ಒಡನೆಯೇ ತಂಪಿನ ಉಪಚಾರ ಮಾಡಬೇಕು. ಸೀಳಿದ ಭಾಗವು ಕೂಡಿಕೊಳ್ಳಲೆಂದು ಜೇನು ತುಪ್ಪಗಳನ್ನು ಹಚ್ಚಬೇಕು. ಸೂತ್ರಸ್ಥಾನದಲ್ಲಿ ಹರಿದ ಕಿವಿಯನ್ನು ಜೋಡಿಸುವ ವಿಧಾನವನ್ನು ವಿವರಿಸುವಾಗಲೂ ಇದೇ ಮಾತು ಬರುತ್ತದೆ: ಜೇನು ತುಪ್ಪಗಳನ್ನು ಸವರಿ, ಹತ್ತಿಯನ್ನೋ ಬಟ್ಟೆಯನ್ನೋ ಹೊದಿಸಿ, ಬಹಳ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ದಾರದಿಂದ ಕಟ್ಟಬೇಕು. ಅದೇ ಸ್ಥಾನದಲ್ಲಿ ಜೇನಿನ ಎಂಟು ಜಾತಿಗಳ ಎಣಿಕೆಯೂ ಉಂಟು.

ಕೊಬ್ಬು, ಜೇನು, ನಾರು ಅಲ್ಲಿ. ತುಪ್ಪ, ಜೇನು, ಹತ್ತಿ ಇಲ್ಲಿ. ಈ ಹೋಲಿಕೆಯನ್ನು ಕಂಡವರು ಒಂದು ದೇಶದಿಂದ ಇನ್ನೊಂದಕ್ಕೆ ವಿದ್ಯೆ ಹೋಯಿತೆಂದು ಹೇಳಲು ಆತುರಪಡುವುದುಂಟು. ನಮಗೆ ಅದು ಒಪ್ಪಿಗೆಯಾಗಿಲ್ಲ. ಎರಡು ಗ್ರಂಥಗಳನ್ನು ಬೆಸೆಯುವ ಪಾರಿಭಾಷಿಕ ಪದವಾಗಲಿ, ಔಷಧದ ಹೆಸರಾಗಲಿ ಕಾಣದು; ಹಸಿಮಾಂಸದ ಕಟ್ಟು ಸುಶ್ರುತನ ಈ ವಿಧಿಗಳಲ್ಲಿಲ್ಲ, ಅರುವತ್ತು ಉಪಕ್ರಮಗಳ ವ್ಯವಸ್ಥೆ ಪಪೈರಸ್ಸಿನಲ್ಲಿಲ್ಲ. ಗಾಯಕ್ಕೆ ಅಂಟದ ಜಿಡ್ಡು, ಕೊಳೆಯದ ಸಿಹಿ, ಒಸರನ್ನು ಹೀರುವ ನೂಲು, ಇವು ಮೂರೂ ಮನೆಯಲ್ಲಿಯೇ ಸಿಗುವ ವಸ್ತುಗಳು. ಬೇರೆ ಬೇರೆ ಜನ ಅನುಭವದಿಂದಲೇ ಇವನ್ನು ಕಂಡುಕೊಂಡಿರಬಹುದು.

ಆ ಅನುಭವಕ್ಕೆ ಆಧಾರವಿತ್ತೆಂಬುದನ್ನು ಇತ್ತೀಚಿನ ವಿಜ್ಞಾನವು ತಿಳಿಸಿದೆ. ಜೇನಿನಲ್ಲಿ ಸಕ್ಕರೆಯು ಸಾಂದ್ರವಾಗಿ, ನೀರು ಕಡಮೆಯಾಗಿರುವುದರಿಂದ ಸೂಕ್ಷ್ಮಜೀವಿಗಳು ತಮ್ಮ ತೇವವನ್ನು ಕಳೆದುಕೊಳ್ಳುತ್ತವೆ. ಅದರ ಆಮ್ಲಗುಣವೂ ಅವುಗಳಿಗೆ ಪ್ರತಿಕೂಲ. ಗಾಯದ ಒಸರಿನಿಂದ ಜೇನು ತೆಳುವಾದಾಗ ಅದರಲ್ಲಿರುವ ಒಂದು ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆಂಬುದು 1963ರ ಹೊತ್ತಿಗೆ ತಿಳಿದುಬಂದಿತು. ಸೋಲಾಪುರದ ಶಸ್ತ್ರವೈದ್ಯರೊಬ್ಬರು 104 ಮಂದಿ ಸುಟ್ಟಗಾಯದ ರೋಗಿಗಳಲ್ಲಿ ಜೇನನ್ನೂ ಬೆಳ್ಳಿಯ ಸಂಯುಕ್ತವೊಂದರ ಲೇಪವನ್ನೂ ಹೋಲಿಸಿ, ಜೇನಿಗೆ ಅನುಕೂಲವಾದ ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ಆದರೆ ಎಲ್ಲ ಗಾಯಗಳಿಗೂ ಇದನ್ನು ಅನ್ವಯಿಸಲಾಗದು. 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಆಳವಲ್ಲದ ಸುಟ್ಟಗಾಯಗಳಲ್ಲಿ ಜೇನಿನ ಉಪಯೋಗವನ್ನು ಒಪ್ಪಿದರೂ, ಬೇರೆ ಹಲವು ವ್ರಣಗಳ ವಿಷಯದಲ್ಲಿ ಪ್ರಮಾಣ ಸಾಲದೆಂದಿದೆ. ಹಸಿಜೇನಿನಲ್ಲಿ ರೋಗಬೀಜಾಣುಗಳಿರಬಹುದಾದ್ದರಿಂದ ಈಗ ಆಸ್ಪತ್ರೆಗಳಲ್ಲಿ ಬಳಸುವುದು ವಿಕಿರಣದಿಂದ ಶುದ್ಧಿಗೊಳಿಸಿದ ಜೇನನ್ನು. ಸುಶ್ರುತನಿಗೆ ಇವೆಲ್ಲ ಗೊತ್ತಿತ್ತೆಂದು ಹೇಳುವುದು ಅವನಿಗೆ ಸಲ್ಲಿಸುವ ಗೌರವವಲ್ಲ. ಅವನು ಕಂಡದ್ದು ಫಲವನ್ನು, ವಿವರಿಸಿದ್ದು ತನ್ನ ಶಾಸ್ತ್ರದ ಪರಿಭಾಷೆಯಲ್ಲಿ.

ಫಲವೊಂದರಿಂದಲೇ ಔಷಧದ ಚರಿತ್ರೆ ರೂಪುಗೊಳ್ಳುವುದಿಲ್ಲವೆಂಬುದಕ್ಕೆ ಕನ್ನಡನಾಡೇ ನಿದರ್ಶನ. ಜೈನ ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧುವಿನ ತ್ಯಾಗವೂ ಸೇರಿದೆ. ಜೇನು ಕೀಳುವಾಗ ಅಸಂಖ್ಯ ಜೀವಿಗಳು ಸಾಯುತ್ತವೆಂಬುದೇ ಕಾರಣ. ಹೀಗಿರುವಾಗ ಜೈನ ವೈದ್ಯನು ವ್ರಣಕ್ಕೆ ಏನನ್ನು ಹಚ್ಚಬೇಕು? ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಬೇಕಾಗಿದೆ. ಔಷಧದಲ್ಲಿ ಮಾಂಸವು ಸಲ್ಲದೆಂಬ ವಾದವನ್ನು ಅವನು ನೃಪತುಂಗನ ಸಭೆಯಲ್ಲಿ ಮಂಡಿಸಿದನೆಂದು ಆ ಗ್ರಂಥದ ಹಿತಾಹಿತ ಅಧ್ಯಾಯದಿಂದ ತಿಳಿಯುತ್ತದೆ. ಅದು ಅಚ್ಚಾದದ್ದು 1940ರಲ್ಲಿ, ಮೇಲೆ ಹೇಳಿದ ಸೋಲಾಪುರದಲ್ಲಿಯೇ.