ವಾಯು ಗುಣಮಟ್ಟ ಸೂಚ್ಯಂಕ

ವಾಯು ಗುಣಮಟ್ಟ ಸೂಚ್ಯಂಕವು ಗಾಳಿಯಲ್ಲಿರುವ ಮಾಲಿನ್ಯವನ್ನು 0ರಿಂದ 500ರವರೆಗಿನ ಒಂದೇ ಅಂಕಿಯಲ್ಲಿ ಹೇಳುವ ಅಳತೆ. ಭಾರತದಲ್ಲಿ ಇದು 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸೂಕ್ಷ್ಮ ಕಣ (ಪಿಎಂ 2.5), ದೂಳು (ಪಿಎಂ 10), ಓಝೋನ್, ಸೀಸ ಸೇರಿ ಎಂಟು ಮಾಲಿನ್ಯಕಾರಕಗಳು ಇದರ ವ್ಯಾಪ್ತಿಯಲ್ಲಿವೆ. ಒಂದೊಂದಕ್ಕೂ ಉಪಸೂಚ್ಯಂಕವಿದ್ದು, ಎಲ್ಲಕ್ಕಿಂತ ದೊಡ್ಡದೇ ಆ ದಿನದ ಸೂಚ್ಯಂಕ, ಸರಾಸರಿ ತೆಗೆಯುವುದಿಲ್ಲ. ಘನಮೀಟರ್ ಗಾಳಿಯಲ್ಲಿ ಪಿಎಂ 2.5 ಕಣ 45 ಮೈಕ್ರೋಗ್ರಾಂ, ಪಿಎಂ 10 ದೂಳು 90 ಮೈಕ್ರೋಗ್ರಾಂ ಇದ್ದರೆ ಉಪಸೂಚ್ಯಂಕಗಳು ಸುಮಾರು 75 ಮತ್ತು 90, ಪ್ರಕಟವಾಗುವುದು 90.

50ರವರೆಗೆ ಗಾಳಿ ಉತ್ತಮ, 100ರವರೆಗೆ ತೃಪ್ತಿಕರ. 101–200ರಲ್ಲಿ ಆಸ್ತಮಾ, ಹೃದ್ರೋಗ ಇರುವವರಿಗೆ, ಮಕ್ಕಳು, ವೃದ್ಧರಿಗೆ ಉಸಿರಾಟ ಕಷ್ಟವಾಗಬಹುದು. 200 ದಾಟಿದಾಗ ಬಹುಹೊತ್ತು ಹೊರಗಿದ್ದರೆ ಹೆಚ್ಚಿನವರಿಗೂ ತೊಂದರೆ. 400 ಮೀರಿದರೆ ಗಟ್ಟಿಮುಟ್ಟಾದವರೂ ಬಾಧಿತರು. ‘ತೃಪ್ತಿಕರ’ ಎಂಬ ಮಾತು ತುಸು ಉದಾರವಾದದ್ದೇ: ಪಿಎಂ 2.5ಕ್ಕೆ ಅದರ ಮೇಲಂಚು ದಿನದ ಭಾರತೀಯ ಮಿತಿಯಾದ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ, ತುಮಕೂರು ಇಲ್ಲ. ಆದರೂ ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳು, ವಸಂತನರಸಾಪುರದ ಕೈಗಾರಿಕೆಗಳು ತುಮಕೂರಿನ ಪಕ್ಕದಲ್ಲೇ ಇವೆ. ಅದೇ ಜಿಲ್ಲೆಯ ಕುಣಿಗಲ್ ಕೂಡ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಗುಬ್ಬಿ ಕಡೆಯ ತೆಂಗಿನ ಸೀಮೆಯ ಹೊಗೆ ಬೇರೆ ಬಗೆಯದು: ಬಚ್ಚಲ ಹಂಡೆಯಡಿ ಒಣಗಿದ ಗರಿ ಭಗ್ಗನೆ ಉರಿಯುತ್ತದೆ, ಹಸಿ ಮಟ್ಟೆ ಬಹಳ ಹೊತ್ತು ಹೊಗೆಯಾಡುತ್ತದೆ. ಊರಿನ ಮಾಪನ ಕೇಂದ್ರ ಅಳೆಯುವುದು ಬಯಲಿನ ಗಾಳಿಯನ್ನು. ಒಲೆಯ ಮುಂದೆ ಕೂತವರು ಉಸಿರಾಡುವ ಗಾಳಿ ಆ ಅಂಕಿಗೆ ಸಿಗುವುದಿಲ್ಲ.